ಹಗೇವಿಗೆ ಬಿದ್ದ ಮಹಾರಾಜನ ಧ್ವನಿ

ಹೋದ ವಾರ ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು ಪೇಟೆ ಬೀದಿಗೆ ತಿರುಗಿದ ಕೂಡಲೇ ಹತ್ತಿ ಹಿಂಜುವ ಯಂತ್ರದ ವಾಸನೆ ಮೂಗಿಗೆ ಹೊಡೆಯಿತು. ಒಣ ಧೂಳು, ಹೊಸ ಹತ್ತಿ, ಅದರ ಜೊತೆಗೆ ಕಾದ ಎಣ್ಣೆಯ ಘಾಟು. ಬೇರೆಯವರಿಗೆ ಆ ವಾಸನೆಗೆ ಸೀನು ಬರುತ್ತದೆ. ನನಗೆ ಕೆಂಚೇಗೌಡರು ನೆನಪಾಗುತ್ತಾರೆ, ಮೈಯೆಲ್ಲ ಉರಿಯುತ್ತದೆ. ಗೌಡರು ಅಂತ ಬಹುವಚನ ಕೊಟ್ಟೇ ಬರೆಯುತ್ತಿದ್ದೇನೆ. ಅದು ನನ್ನ ತಾಯಿ ನನಗೆ ಕಲಿಸಿದ ಮರ್ಯಾದೆ, ಆ ಮನುಷ್ಯ ಸಂಪಾದಿಸಿದ್ದಲ್ಲ.

ನಾನು ಪೌರಾಣಿಕ ನಾಟಕದ ಕಲಾವಿದೆ. ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಹತ್ತಿರ, ಬಾಡಿಗೆ ಮನೆ ಮಾಡಿಕೊಂಡಿರುವುದು ಪಾಂಡವಪುರದಲ್ಲಿ. ನಮ್ಮ ಕಡೆ ಊರಿನ ಗಂಡಸರು ಸೇರಿಕೊಂಡು ನಾಟಕ ಕಲಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿಗೆ ಬಂದು ಹೇಳಿಕೊಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಊರಿನ ಹೆಂಗಸರನ್ನು ವೇದಿಕೆ ಹತ್ತಿಸುವುದಿಲ್ಲ. ನಾಟಕದ ದಿನ ಬೆಳಗ್ಗೆ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ತಾಲೀಮಿಲ್ಲ, ಏನಿಲ್ಲ. ಬಸ್ಸಿಳಿದು ಬಣ್ಣ ಬಳಿದುಕೊಂಡು ದ್ರೌಪದಿಯಾಗಿ ನಿಲ್ಲಬೇಕು, ಅಷ್ಟೇ.

ಇಪ್ಪತ್ತು ವರ್ಷ ಹೀಗೆ ಊರೂರಿನ ದುರ್ಯೋಧನರ ಎದುರು ನಿಂತು ನಿಂತು ನನ್ನ ಮಾತಿನ ಜೊತೆ ಅವರ ಮಾತೂ ನನಗೆ ಬಾಯಿಪಾಠವಾಗಿಬಿಟ್ಟಿದೆ. ಬೆಳಗ್ಗೆ ಕಬ್ಬಿಗೆ ನೀರು ಕಟ್ಟಿ ಬಂದು ದುರ್ಯೋಧನನಾಗುವ ಮನುಷ್ಯ ಜನ ನೋಡಿದ ಕೂಡಲೇ ಕಕ್ಕಾಬಿಕ್ಕಿಯಾಗುವುದು ಸಹಜ. ಆಗ ಸೆರಗಿನ ಮರೆಯಲ್ಲಿ ಮುಂದಿನ ಮಾತು ಎತ್ತಿಕೊಡುವುದು ನಮ್ಮ ಕೆಲಸ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಎಷ್ಟೋ ದುರ್ಯೋಧನರು ಹಾರ ಹಾಕಿಸಿಕೊಂಡು ಚಪ್ಪಾಳೆ ಹೊಡೆಸಿಕೊಂಡದ್ದು ನನ್ನ ಪಿಸುಮಾತಿನಿಂದ.

ಇದೆಲ್ಲ ನಡೆದ ವರ್ಷ ಯುಗಾದಿ ಕಳೆದ ಮೇಲೆ ಕೆ.ಆರ್. ಪೇಟೆಯಲ್ಲಿ ಒಂದು ಹಗಲು ನಾಟಕ. ದುರ್ಯೋಧನ ಕೆಂಚೇಗೌಡರು. ಅರಕೆರೆ ಕಡೆಯ ಒಂದು ಹಳ್ಳಿಯವರು, ನಾಲೆ ನೀರಿನ ಗದ್ದೆ, ಕೊಟ್ಟಿಗೆ ತುಂಬ ಸೀಮೆ ಹಸು, ಊರಿಗೇ ದೊಡ್ಡ ಗಂಟಲು. ತುಂಬಿದ ಸಭೆಯ ದೃಶ್ಯದಲ್ಲಿ ಗದೆ ಎತ್ತಿಕೊಂಡು ಬಂದವರು ಒಂದು ಮಾತಾಡಿ ನಿಂತುಬಿಟ್ಟರು. ಕೆಮ್ಮಿದರು. ಮತ್ತೆ ಕೆಮ್ಮಿದರು. ನಾನು ಎಂದಿನಂತೆ ತಲೆ ತಗ್ಗಿಸಿ, "ಎಲೌ ಪಾಂಚಾಲಿ, ಎಲ್ಲಿ ಹೋಯಿತು ನಿನ್ನ ಪೊಗರು" ಎಂದು ಎತ್ತಿಕೊಟ್ಟೆ. ಅವತ್ತು ಹೊಸದಾಗಿ ನಮ್ಮ ತಲೆಯ ಮೇಲೇ ಒಂದು ಮೈಕು ಇಳಿಬಿಟ್ಟಿದ್ದರು, ಹಾಳಾದ್ದು ನನಗೆ ಮರೆತೇ ಹೋಗಿತ್ತು. ದ್ರೌಪದಿ ತನ್ನನ್ನು ತಾನೇ ಬಯ್ದುಕೊಂಡಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು.

ಪರದೆ ಬಿದ್ದದ್ದೇ ತಡ, ಗೌಡರು ನನ್ನ ಮೇಲೆ ಏರಿ ಬಂದರು. ಭೀಮ, ಧರ್ಮರಾಯ, ಬಣ್ಣದವರು, ಲೈಟಿನವರು ಎಲ್ಲ ಅಲ್ಲೇ ಇದ್ದರು.

"ನಿನ್ನ ಕರ್ಸಿರೋದು ಸೀರೆ ಎಳಸ್ಕಳಕ್ಕೆ ಕಣಮ್ಮಿ, ನಂಗೆ ಪಾಠ ಯೋಳ್ಕೊಡಕ್ಕಲ್ಲ. ಯೋಳಕ್ಕೆ ನಾನಿಲ್ವೇನ್ಲಾ ಇಲ್ಲಿ? ತೆಗೀರ್ಲಾ ಇವ್ಳ ಕಿರೀಟವ!"

ಯಾರೂ ಮುಂದೆ ಬರಲಿಲ್ಲವೆಂದು ತಾವೇ ಕೈ ಹಾಕಿ ಕಿತ್ತರು. ಪಿನ್ನಿನ ಜೊತೆ ಒಂದು ಹಿಡಿ ಕೂದಲೂ ಬಂತು. ರುಕ್ಮಿಣಿಯ ಪಾತ್ರಕ್ಕೆ ಬಂದಿದ್ದ ಹುಡುಗಿಗೆ ನನ್ನ ಕಿರೀಟ ಇಟ್ಟು ಮಿಕ್ಕ ನಾಟಕ ಆಡಿಸಿದರು. ನಾನು ಅರ್ಧ ಬಣ್ಣದ ಮುಖ ಹೊತ್ತುಕೊಂಡು ಪಾಂಡವಪುರದ ಬಸ್ಸು ಹತ್ತಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೇನೋ. ಗೌಡರು ಸುತ್ತಮುತ್ತಲ ನಾಲ್ಕೂ ತಾಲ್ಲೂಕಿನ ನಾಟಕದ ಮೇಷ್ಟ್ರುಗಳಿಗೆ ಫೋನು ಮಾಡಿದರು. ಆಕೆಗೆ ಕೊಬ್ಬು, ವೇದಿಕೆ ಮೇಲೆ ಗಂಡಸರ ಮರ್ಯಾದೆ ತೆಗೀತಾಳೆ, ಕರೆಸಬೇಡಿ ಅಂತ. ನಾಗಮಂಗಲದಲ್ಲಿ ಒಪ್ಪಿಕೊಂಡಿದ್ದ ನಾಟಕ ಹೋಯಿತು, ಪಾಂಡವಪುರದ್ದು ಹೋಯಿತು, ನನ್ನೂರ ಪಕ್ಕದ್ದೂ ಹೋಯಿತು. ನನಗೆ ಈ ವಿದ್ಯೆ ಕಲಿಸಿದ ನಂಜಪ್ಪ ಮೇಷ್ಟ್ರ ಮನೆಗೆ ಹೋಗಿ ಕೂತೆ.

"ತಪ್ಪಾಯ್ತು ಅಂತ ಒಂದೇ ಒಂದು ಮಾತು ಹೇಳಿಸಿ ಮೇಷ್ಟ್ರೇ. ಕೂದಲು ಹೋಗಲಿ, ನಾಟಕ ಹೋಗಲಿ, ಎಲ್ಲ ಮರೆತುಬಿಡ್ತೀನಿ."

ಮೇಷ್ಟ್ರು ಹಾರ್ಮೋನಿಯಂ ಒರೆಸುತ್ತ ನಿಟ್ಟುಸಿರುಬಿಟ್ಟರು. "ಆವಯ್ಯ ಉಟ್ಟಿದಾಗ್ಲಿಂದ ಆ ಮಾತ ಆಡಿಲ್ಲ ಕಣವ್ವ. ಇನ್ಮುಂದ್ಕೂ ಆಡಕಿಲ್ಲ. ಬುಟ್ಬುಡು ಅತ್ಲಾಗೆ."

ನಾನು ಬಿಡಲಿಲ್ಲ. ಆ ಗಂಟಲಿನಿಂದ ಆ ಮಾತು ಹೊರಡಬೇಕು, ನನ್ನ ಕಿವಿ ಅದನ್ನು ಕೇಳಬೇಕು. ಆ ವರ್ಷ ನನಗೆ ಬೇಕಾಗಿದ್ದುದು ಅದೊಂದೇ. ಸೀರೆಗೆ ಫಾಲ್ಸ್ ಹೊಲಿಯುತ್ತ ಮನೆಯಲ್ಲಿ ಕೂತಾಗ ಸೂಜಿ ಚುಚ್ಚಿದ ಕಡೆಯಲ್ಲೆಲ್ಲ ಗೌಡರನ್ನೇ ಚುಚ್ಚುತ್ತಿದ್ದೆ.

ಮಳೆಗಾಲ ಹಿಡಿಯಿತು. ಸೋನೆ ಮಳೆಯ ಒಂದು ಬೆಳಗ್ಗೆ ಗುರುತಿಲ್ಲದ ನಂಬರಿನಿಂದ ಫೋನು. ಸುಪ್ರಿಯಾ ಅಂತ, ನಾಗಮಂಗಲದ ಹುಡುಗಿ, ಚಿತ್ರ ಬರೆಯುವುದನ್ನು ಓದಿದವಳು. ಗೊಂಬೆ ಸಿನಿಮಾ ಮಾಡುತ್ತಿದ್ದೇನೆ, ಗೊಂಬೆಗಳನ್ನು ಕಂಪ್ಯೂಟರಿನಲ್ಲಿ ಬರೆದಾಗಿದೆ, ಮನೆಮಂದಿಯೆಲ್ಲ ಕೂತು ನಗುವ ಕಥೆ, ಅದರಲ್ಲಿ ಒಂದು ಅಜ್ಜಿಯ ಪಾತ್ರಕ್ಕೆ ನಿಮ್ಮ ಧ್ವನಿ ಬೇಕು ಅಂದಳು. ಯಾರೂ ಕರೆಯದ ಕಾಲದಲ್ಲಿ ಗೊಂಬೆ ಕರೆದರೂ ಹೋಗಬೇಕು. ಹೋದೆ.

ರೆಕಾರ್ಡಿಂಗು ನಡೆದದ್ದು ಶ್ರೀರಂಗಪಟ್ಟಣದ ಇಲಿಯಾಸ್ ಸಾಹೇಬರ ಹಾಸಿಗೆ ಅಂಗಡಿಯ ಹಿಂದಿನ ಗೋಡೌನಿನಲ್ಲಿ. ನಾಲ್ಕೂ ಗೋಡೆಗೆ ಹಾಸಿಗೆ ಒರಗಿಸಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲವಂತೆ. ಬರುತ್ತಿತ್ತು, ಬಿಡಿ. ಜೋರು ಮಳೆ ಬಂದರೆ ಶೀಟಿನ ಸದ್ದು, ಮಳೆ ನಿಂತರೆ ಹತ್ತಿ ಹಿಂಜುವ ಯಂತ್ರದ ಸದ್ದು. ಎರಡೂ ನಿಂತ ಗಳಿಗೆಯಲ್ಲಿ ನಾವು ಮಾತಾಡಬೇಕು. ಸಾಹೇಬರು ಪಾಪ, "ಬೋಲೋ ಬೇಟಾ, ಮೆಷಿನ್ ಬಂದ್ ಮಾಡ್ದೆ, ಬೇಗ ಬೇಗ ಮಾತಾಡ್ಬಿಡಿ" ಅಂತ ಕೂಗುತ್ತಿದ್ದರು. ಹೊರಗೆ ಬರುವಾಗ ನಮ್ಮ ತಲೆಯೆಲ್ಲ ಹತ್ತಿಯಾಗಿ ಎಲ್ಲರೂ ಮುದುಕರಂತೆ ಕಾಣುತ್ತಿದ್ದೆವು.

ಕಥೆ ಬಹಳ ಹಳೆಯ ಕಾಲದ್ದು. ಮಣ್ಣಿನ ಕೋಟೆ, ಪುಟ್ಟ ರಾಜ್ಯ. ಉಗ್ರಪ್ರತಾಪ ಅಂತ ರಾಜ, ಅವನ ರಾಣಿ, ತಾಯಿ, ಇಬ್ಬರು ಮಕ್ಕಳು, ಸದಾ ಹಸಿದಿರುವ ಒಂದು ಆನೆ. ದೂರದಲ್ಲಿ ಧೂಳೆದ್ದದ್ದು ನೋಡಿ ಶತ್ರು ಬಂದನೆಂದು ರಾಜ ಹೆದರಿ, ನೆಲದೊಳಗೆ ರಾಗಿ ತುಂಬಿಡುವ ಹಗೇವಿಗೆ ಇಳಿದುಬಿಡುತ್ತಾನೆ. ಧೂಳೆಬ್ಬಿಸಿದ್ದು ಕುರಿ ಮಂದೆ. ಆದರೆ ಇಳಿದವನಿಗೆ ಹತ್ತಲು ಆಗುವುದಿಲ್ಲ, ಹೊಟ್ಟೆ ಗುಂಡಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕಥೆ ಮುಗಿಯುವ ತನಕ ಆ ಗುಂಡಿಯೊಳಗಿಂದಲೇ ಆಜ್ಞೆ ಹೊರಡಿಸುತ್ತಾನೆ. ಮೇಲೆ ರಾಣಿ ರಾಜ್ಯ ನೋಡಿಕೊಳ್ಳುತ್ತಾಳೆ, ಅಜ್ಜಿ ಹಗ್ಗ ಕಟ್ಟಿ ಮುದ್ದೆ ಇಳಿಸುತ್ತಾಳೆ.

ರಾಜನ ಧ್ವನಿಗೆ ಬೆಳಗೊಳದ ಒಬ್ಬ ಭೀಮನ ಪಾತ್ರಧಾರಿಯನ್ನು ಕರೆಸಿದ್ದಳು. ಆತ "ನೀರು ಕೊಡಿ" ಅನ್ನುವುದನ್ನೂ ರಾಗದಲ್ಲೇ ಎಳೆಯುತ್ತಿದ್ದ. ಸುಪ್ರಿಯಾ ಕೈ ಮುಗಿದು, "ಅಣ್ಣಾ, ಇದು ಕಾಮಿಡಿ, ಮನೇಲಿ ಮಾತಾಡೋ ಹಂಗೆ ಮಾತಾಡಿ" ಅಂದರೆ, "ರಾಗ ಇಲ್ದೆ ರಾಜ ಎಂಗವ್ವ ಮಾತಾಡಾನು?" ಅಂತ ಅವಳನ್ನೇ ಕೇಳಿದ. ಮೂರನೆಯ ದಿನ ನಾಲೆಗೆ ನೀರು ಬಿಟ್ಟರು. ಭೀಮ ನಾಟಿ ಹಾಕಲು ಹೋದವನು ಫೋನು ಎತ್ತಲೇ ಇಲ್ಲ. ಹುಡುಗಿ ಹಾಸಿಗೆಗೆ ತಲೆ ಒರಗಿಸಿಕೊಂಡು ಅಳುವಂತಾದಳು.

"ನಾನು ಮಾಡ್ಲಾ?" ಅಂದೆ.

"ಆಂಟಿ, ಅದು ಗಂಡಸು."

"ಗಂಡಸರ ಮಾತು ಅರ್ಧ ನಾನೇ ಆಡಿರೋದು. ಮೈಕು ಹಾಕು."

ಮೊದಲು ಎರಡು ಸಲ ಕೆಮ್ಮಿದೆ. ಆಮೇಲೆ ಮೂಗಿನಲ್ಲಿ ಗಾಳಿ ಕಟ್ಟಿಕೊಂಡು, ಕೊನೆಯ ಅಕ್ಷರ ನುಂಗಿಕೊಂಡು, "ಯೋಳಕ್ಕೆ ನಾನಿಲ್ವೇನ್ಲಾ ಇಲ್ಲಿ?" ಅಂತ ಗುಂಡಿಯೊಳಗಿನ ರಾಜನಾಗಿ ಗುಡುಗಿದೆ. ಸುಪ್ರಿಯಾ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಹೊರಗಿನಿಂದ ಸಾಹೇಬರು ಬಾಗಿಲು ತಳ್ಳಿಕೊಂಡು ಬಂದು ಅತ್ತ ಇತ್ತ ಹುಡುಕಿದರು.

"ಅರೆ, ಗೌಡ್ರು ಎಲ್ಲಿ? ಅರಕೆರೆ ಕಡೆ ಗೌಡ್ರು? ಮಗಳ ಮದ್ವೆಗೆ ಹಾಸಿಗೆ ಮಾಡ್ಸಿದ್ರಲ್ಲ, ಹತ್ತಿ ಕಮ್ಮಿ ಅಂತ ನನ್ಮೇಲೆ ಹಿಂಗೇ ಕೂಗಾಡಿದ್ರು. ಇವಾಗ ಕೂಗಿದ್ದು ಅವ್ರೇ ಅಲ್ವಾ?"

ನನ್ನ ಎದೆ ತಂಪಾಯಿತು. ಅವತ್ತಿನಿಂದ ಆ ರಾಜ ನನ್ನವನು. ಗೌಡರು ಬೀಡಿ ಹಚ್ಚುವ ಮುಂಚೆ ಮೂಗು ಏರಿಸುವುದು, ಸೋತ ಮಾತನ್ನು ಜೋರು ಮಾಡಿ ಗೆಲ್ಲುವುದು, ತಮಗೆ ಗೊತ್ತಿಲ್ಲದ್ದನ್ನು ಕೇಳಿದರೆ ಕೇಳಿದವರನ್ನೇ ಬಯ್ಯುವುದು, ಒಂದನ್ನೂ ಬಿಡದೆ ಸುರಿದೆ. ಸುಪ್ರಿಯಾಗೆ ದಮ್ಮಯ್ಯ ಹಾಕಿ ಒಂದು ದೃಶ್ಯವನ್ನೂ ಸೇರಿಸಿದೆ. ರಾಣಿಯ ಮೇಲೆ ಸಿಟ್ಟಾಗಿ ರಾಜ ಗುಂಡಿಯೊಳಗಿಂದ "ತೆಗೀರ್ಲಾ ಇವ್ಳ ಕಿರೀಟವ!" ಅಂತ ಕೂಗುತ್ತಾನೆ. ಕೂಗಿದ ರಭಸಕ್ಕೆ ಅವನ ಕಿರೀಟವೇ ಬಿದ್ದು ರಾಗಿಯಲ್ಲಿ ಹೂತುಹೋಗುತ್ತದೆ, ಆನೆ ಸೊಂಡಿಲು ಹಾಕಿ ರಾಗಿಯ ಜೊತೆ ಅದನ್ನೂ ನುಂಗುತ್ತದೆ. ಆ ದೃಶ್ಯವನ್ನು ಒಂದೇ ಸಲಕ್ಕೆ ಸರಿಯಾಗಿ ಹೇಳಿದ್ದೆ. ಆದರೂ ಮಳೆ ಸದ್ದು ಬಂತು ಅಂತ ಸುಳ್ಳು ಹೇಳಿ ಇನ್ನೂ ನಾಲ್ಕು ಸಲ ಹೇಳಿದೆ. ಅಷ್ಟು ರುಚಿಯಾಗಿತ್ತು.

"ಯಾರ ಧ್ವನಿ ಆಂಟಿ ಇದು, ನಿಜ ಹೇಳಿ" ಅಂತ ಅವಳು ಕೊನೆಯ ದಿನ ಕೇಳಿದಳು. "ನನ್ನ ಹೊಟ್ಟೆಯುರಿಯ ಧ್ವನಿ ಕಣಮ್ಮ" ಅಂದೆ. ಅದು ಸುಳ್ಳೇನಲ್ಲ.

ಪೈರು ಹಸಿರಾಗಿ ಮೊಣಕಾಲೆತ್ತರ ಬರುವ ಹೊತ್ತಿಗೆ ಸಿನಿಮಾ ತಯಾರಾಯಿತು. ಎಲ್ಲ ಕಡೆ ಬಿಡುವ ಮುಂಚೆ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ತೋರಿಸಿ, ಎಲ್ಲಿ ನಗುತ್ತಾರೆ ಎಲ್ಲಿ ಆಕಳಿಸುತ್ತಾರೆ ನೋಡಬೇಕು ಅಂದಳು ಸುಪ್ರಿಯಾ. ಯಾವ ಊರು ಅಂತ ಅವಳು ಕೇಳುವ ಮುಂಚೆಯೇ ನಾನು ಹೆಸರು ಹೇಳಿಬಿಟ್ಟೆ. ಆ ಊರಿನ ಶಾಲೆಯ ಸಮಿತಿಗೆ ಕೆಂಚೇಗೌಡರೇ ಅಧ್ಯಕ್ಷರು. ಊರಿನ ಮುಂದೆ ತಮ್ಮನ್ನು ತಾವೇ ನೋಡಿಕೊಂಡು ನಾಚಿ ಸಾಯಲಿ, ಆಮೇಲೆ ನನ್ನ ಹತ್ತಿರ ಬಂದು ತಪ್ಪಾಯ್ತು ಅನ್ನಲಿ ಅಂತ ನನ್ನ ಲೆಕ್ಕ.

ಬೆಳಗ್ಗೆ ಹತ್ತು ಗಂಟೆಗೆ ಶಾಲೆಯ ದೊಡ್ಡ ಕೊಠಡಿಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದರು. ಮುಂದೆ ಮಕ್ಕಳು, ಹಿಂದೆ ಹೆಂಗಸರು, ಗೋಡೆಗೆ ಒರಗಿ ಗಂಡಸರು. ಗೌಡರು ಇಸ್ತ್ರಿ ಪಂಚೆಯಲ್ಲಿ ಬಂದು ಎಲ್ಲರ ಮುಂದಿನ ಕುರ್ಚಿಯಲ್ಲಿ ಕೂತರು. ನನ್ನನ್ನು ನೋಡಿ ಮೂಗು ಏರಿಸಿದರು.

"ಏನವ್ವಾ, ನಾಟ್ಕ ಬುಟ್ಟು ಗೊಂಬೆ ಆಡ್ಸಕ್ಕೆ ಬಂದ್ಬುಟ್ಯಾ? ಇದಾದ್ರೂ ನೆಟ್ಟಗೆ ಮಾಡು."

"ನೋಡಿ ಹೇಳಿ ಗೌಡ್ರೇ" ಅಂದೆ.

ರಾಜ ಗುಂಡಿಗೆ ಬಿದ್ದು ಎರಡು ಸಲ ಕೆಮ್ಮಿ "ಯೋಳಕ್ಕೆ ನಾನಿಲ್ವೇನ್ಲಾ ಇಲ್ಲಿ?" ಅಂದದ್ದೇ ತಡ, ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ ಸಿವನೇ" ಅಂದರು. ಗೋಡೆಗೆ ಒರಗಿದ್ದ ಗಂಡಸರು ಟವಲು ಬಾಯಿಗೆ ಒತ್ತಿಕೊಂಡರು. ಎಲ್ಲರ ಕಣ್ಣೂ ಪರದೆ ಬಿಟ್ಟು ಗೌಡರ ಬೆನ್ನಿಗೆ ನೆಟ್ಟವು. ಈಗ ಎದ್ದರು, ಈಗ ಕೂಗಿದರು ಅಂತ ಕಾದೆ.

ಗೌಡರು ನಕ್ಕರು! ಕುರ್ಚಿಯಿಂದ ಬೀಳುವ ಹಾಗೆ, ತೊಡೆ ತಟ್ಟಿಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕರು. "ಎಂಥಾ ದಡ್ ನನ್ಮಗ ನೋಡ್ರಲಾ ಈ ರಾಜ! ಥೇಟ್ ನಮ್ ಬಾಮೈದ ಕಣ್ಲಾ ಇವ್ನು!" ಕಿರೀಟದ ದೃಶ್ಯ ಬಂದಾಗಲಂತೂ ಇನ್ನೊಂದು ಸಲ ಹಾಕಿಸಿ ನೋಡಿದರು. ಅವರು ನಕ್ಕ ಮೇಲೆ ಊರೆಲ್ಲ ಧೈರ್ಯವಾಗಿ ನಕ್ಕಿತು. ಪ್ರತಿ ಸಲ ಆ ರಾಜ ಬಾಯಿ ತೆರೆದಾಗಲೂ ಎಲ್ಲರಿಗಿಂತ ಮೊದಲು ನಕ್ಕವರು ಗೌಡರೇ. ಮನುಷ್ಯನಿಗೆ ತನ್ನ ಧ್ವನಿ ತನಗೆ ಗೊತ್ತಾಗುವುದಿಲ್ಲ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅದರಲ್ಲೂ ಜೀವನವಿಡೀ ಬೇರೆಯವರಿಗೆ ಮಾತ್ರ ಕೂಗಿದವನಿಗೆ ಎಲ್ಲಿಂದ ಗೊತ್ತಾಗಬೇಕು?

ನನಗೆ ಅಳು ಬಂತು. ನಾಲ್ಕು ತಿಂಗಳು ಅರೆದ ವಿಷವನ್ನು ಆ ಮನುಷ್ಯ ಪಾಯಸದ ಹಾಗೆ ಕುಡಿದು ಚಪ್ಪರಿಸುತ್ತಿದ್ದರು. ಮುಗಿದ ಮೇಲೆ ಸುಪ್ರಿಯಾಗೆ ಶಾಲು ಹೊದಿಸಿ, ಎಲ್ಲರೂ ಮನೆಗೆ ಬಂದು ಊಟ ಮಾಡಿಕೊಂಡೇ ಹೋಗಬೇಕು ಅಂತ ಹಟ ಹಿಡಿದರು. ಸುಪ್ರಿಯಾ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು, ಇಲ್ಲದಿದ್ದರೆ ನಾನು ಆ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ.

ನಡುಮನೆಯಲ್ಲಿ ಗೌಡರು, ಸುಪ್ರಿಯಾ, ಶಾಲೆಯ ಮೇಷ್ಟ್ರುಗಳು ಎಲೆ ಮುಂದೆ ಕೂತರು. ನಾನು ಕೂರುವ ಮುಂಚೆ ಗೌಡರ ಹೆಂಡತಿ ನಿಂಗಮ್ಮನವರು ಅಡಿಗೆಮನೆ ಬಾಗಿಲಿನಿಂದ ಕೈಸನ್ನೆ ಮಾಡಿ ಕರೆದರು. ತೆಳ್ಳಗಿನ ಹೆಂಗಸು, ಹೊಗೆಗೆ ಕೆಂಪಾದ ಕಣ್ಣು. ಶಾಲೆಯಲ್ಲಿ "ಅಯ್ಯೋ ಸಿವನೇ" ಅಂದವರು ಅವರೇ ಎಂದು ಧ್ವನಿಯಿಂದಲೇ ಗುರುತು ಸಿಕ್ಕಿತು.

"ಆ ಗುಂಡಿ ಒಳ್ಗಿದ್ದೋನು ನೀನೇಯಾ?"

ನಾನು ಏನೂ ಅರಿಯದವಳ ಹಾಗೆ ನಿಂತೆ.

"ನಾಟ್ಕ ಆಡ್ಬ್ಯಾಡ ಕಣವ್ವ. ಮೂವತ್ತೊಂದು ವರ್ಸ ಈ ಕಿವೀಲಿ ಆ ಗಂಟ್ಲ ಕೇಳಿವ್ನಿ. ಊರ್ಗೆಲ್ಲಾ ಗೊತ್ತಾಯ್ತು, ಅವ್ರೊಬ್ರಿಗೇ ಗೊತ್ತಾಗ್ನಿಲ್ಲ." ಮುದ್ದೆ ಕೋಲು ಪಕ್ಕಕ್ಕಿಟ್ಟು ನನ್ನ ಹತ್ತಿರ ಬಂದರು. ಬಯ್ಯುತ್ತಾರೆ ಅಂದುಕೊಂಡೆ. "ಅವ್ರಂಗೆ ಇನ್ನೊಂದ್ಸಲ ಮಾತಾಡು. 'ಎಲ್ಲಿ ಸತ್ತೋದ್ಯಮ್ಮೀ' ಅನ್ನು. ದಿನಾ ನನ್ನ ಅಂಗೇ ಕರಿಯಾದು."

"ಬೇಡ ಅಮ್ಮ, ಅವರು ಅಲ್ಲೇ ಕೂತವ್ರೆ."

"ಅನ್ನವ್ವ. ನಿನ್ನ ಕೈ ಮುಗಿತೀನಿ."

ಎರಡು ಸಲ ಕೆಮ್ಮಿ, "ಎಲ್ಲಿ ಸತ್ತೋದ್ಯಮ್ಮೀ?" ಅಂದೆ.

ನಿಂಗಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತರು. ಅಲ್ಲಿಯವರೆಗೆ ಅವರು ಇವರು ಅನ್ನುತ್ತಿದ್ದ ಹೆಂಗಸು ಒಂದೇ ಏಟಿಗೆ ಏಕವಚನಕ್ಕೆ ಇಳಿದರು.

"ಎಲ್ಲೂ ಸತ್ತೋಗಿಲ್ಲ ಕಣಯ್ಯ. ಇಲ್ಲೇ ಇವ್ನಿ. ಮೂವತ್ತೊಂದು ವರ್ಸದಿಂದ ಇದೇ ಒಲೆ ಮುಂದೆ ಇವ್ನಿ. ನಮ್ಮಪ್ಪ ಸತ್ತಾಗ ಮೂರು ದಿನ ಇದ್ದು ಬತ್ತೀನಿ ಅಂದ್ರೆ, ಅಸ ಯಾರ್ ಕರದಾರು ಅಂತ ಎಳ್ಕಂಡ್ ಬಂದ್ಯಲ್ಲ, ನಿನ್ಗೆ ಕರುಳಿತ್ತಾ? ದುರ್ಯೋಧನನ ಮಾತು ನಿನ್ಗೆ ಬಾಯಿಪಾಠ ಮಾಡ್ಸಿದ್ದು ಯಾರು? ಓದಕ್ ಬರಾಕಿಲ್ಲ ಅಂತ ಊರ್ಗೆಲ್ಲಾ ಮುಚ್ಚಿಟ್ಟು, ದಿನಾ ಬೆಳಗ್ಗೆ ಕೊಟ್ಗೇಲಿ ಆಲು ಕರೀವಾಗ ಒಂದೊಂದ್ ಮಾತಾಗಿ ಯೋಳ್ಕೊಟ್ಟೋಳು ನಾನಲ್ವಾ? ಒಂದಿನ, ಒಂದೇ ಒಂದಿನ ನಾಟ್ಕ ನೋಡಕ್ಕೆ ನನ್ನ ಕರ್ಕಂಡೋದ್ಯಾ?"

ಧ್ವನಿ ಏರುತ್ತಾ ಹೋಯಿತು. ನಡುಮನೆಯಲ್ಲಿ ಊಟದ ಸದ್ದು ನಿಂತಿತು. ನನಗೆ ಅವರನ್ನು ತಡೆಯುವ ಮನಸ್ಸು ಬರಲಿಲ್ಲ. ಅವರು ಕೇಳಿದ ಒಂದೊಂದು ಪ್ರಶ್ನೆಗೂ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆಗಲಿ, ಇನ್ನೂ ಕೇಳಲಿ ಅನ್ನಿಸುತ್ತಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಗೌಡರು ಸಾರಿನ ಎಂಜಲು ಕೈಯಲ್ಲೇ ಎದ್ದು ಬಂದಿದ್ದರು. ಅಡಿಗೆಮನೆಯಲ್ಲಿ ತಮ್ಮ ಗಂಟಲು ಕೇಳಿಸಿ, ಅದಕ್ಕೆ ಹೆಂಡತಿ ಎದುರುತ್ತರ ಕೊಟ್ಟದ್ದೂ ಕೇಳಿಸಿ, ಎರಡನ್ನೂ ಕೂಡಿಸಿಕೊಳ್ಳಲಾಗದೆ ನನ್ನ ಮುಖ ಒಂದು ಸಲ, ಹೆಂಡತಿಯ ಮುಖ ಒಂದು ಸಲ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಮುಖದ ಬಣ್ಣ ಇಳಿಯಿತು. ಬೆಳಗ್ಗೆ ತೊಡೆ ತಟ್ಟಿ ನಕ್ಕಿದ್ದು ಯಾರನ್ನು ನೋಡಿ ಎಂದು ಆಗ ತಿಳಿದಿರಬೇಕು.

ನಿಂಗಮ್ಮನವರು ಗಂಡನ ಕಡೆ ಬೆರಳು ತೋರಿಸಿದರು, ಆದರೆ ಕೇಳಿದ್ದು ನನ್ನನ್ನು. "ಇವ್ರು ಇದ್ಕೆ ಏನಂತಾರೆ? ಇವ್ರಿಗೆ ಬರಾಕಿಲ್ಲ, ನೀನೇ ಯೋಳ್ಬುಡವ್ವ."

ನಾನು ಎರಡು ಸಲ ಕೆಮ್ಮಿದೆ. ಮೂಗಿನಲ್ಲಿ ಗಾಳಿ ಕಟ್ಟಿಕೊಂಡೆ.

"ತಪ್ಪಾಯ್ತು ಕಣಮ್ಮಿ" ಅಂದೆ.

ಥೇಟ್ ಅದೇ ಧ್ವನಿ. ಗೌಡರ ಎಂಜಲು ಕೈ ತಾನಾಗಿ ಅವರ ಗಂಟಲಿಗೆ ಹೋಯಿತು, ಆ ಮಾತು ಅಲ್ಲಿಂದಲೇ ಹೊರಟಿತೇನೋ ಅನ್ನುವ ಹಾಗೆ. ಸಾರು ಬಿಳಿ ಅಂಗಿಯ ಮೇಲೆಲ್ಲ ಹರಿಯಿತು.

ನಿಂಗಮ್ಮನವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ನನ್ನ ತಲೆಯನ್ನು, ಕೂದಲು ಕಿತ್ತು ಬಂದಿದ್ದ ಕಡೆಯನ್ನು ನೋಡಿದರು. ಗೌಡರು ಆ ಶೌರ್ಯವನ್ನು ಮನೆಯಲ್ಲೂ ಹೇಳಿಕೊಂಡು ಮೆರೆದಿದ್ದರೆಂದು ಕಾಣುತ್ತದೆ.

"ಇನ್ನೊಂದ್ಸಲ ಯೋಳು" ಅಂದರು. "ಈ ಸಲ ನಿಂಗೆ."

ಗೌಡರ ಕಣ್ಣಿನಲ್ಲಿ ಕಣ್ಣಿಟ್ಟು, ಅವರ ಗಂಟಲಿನಲ್ಲಿ, ಒಂದಕ್ಷರವನ್ನೂ ನುಂಗದೆ, ನಡುಮನೆಯವರಿಗೆಲ್ಲ ಕೇಳಿಸುವ ಹಾಗೆ ನನಗೆ ನಾನೇ ಹೇಳಿಕೊಂಡೆ.